ಟ್ರೈಲರ್ ಕಳಚಿಟ್ಟ ಪಿಕಪ್: ಒಂದು ಬಾಡಿಗೆ ಗಾಡಿಯ ಪ್ರಕರಣ

ಇಲ್ಲಿ ವಾಸಣ್ಣ ಎಂದು ಕರೆಯುವವರ ನಿಜವಾದ ಹೆಸರು ಅದಲ್ಲ. ಊರು ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಕಟಪಾಡಿಯ ನಡುವೆ, ಹೆದ್ದಾರಿಯ ಆಸುಪಾಸಿನಲ್ಲಿ ಎಂದಷ್ಟೇ ಹೇಳುತ್ತೇನೆ. ಮನೆಯವರ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ, ಅವರ ಹಣದ ಅಂಕಿಗಳನ್ನು ಸುಮಾರಾಗಿ ಬರೆದಿದ್ದೇನೆ. ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಪಿಕಪ್ಪಿನಲ್ಲಿ ಬಾಡಿಗೆಗೆ ಸಾಮಾನು ಸಾಗಿಸುವ ಇವರ ಪುಸ್ತಕವೂ ನನ್ನ ಮೇಜಿಗೆ ಬರುತ್ತದೆ. ಬರೆಯಲೇ ಎಂದು ಕೇಳಿದಾಗ ಅವರೇ ಹೇಳಿದರು: "ಬರೀರಿ ಮಾರಾಯ್ರೆ. ಇನ್ನೊಬ್ಬ ಟ್ರೈಲರ್ ಮಾಡಿಸುದು ತಪ್ಪಿದ್ರೆ ಅಷ್ಟೇ ಸಾಕು."

ಹಿನ್ನೆಲೆ

ವಾಸಣ್ಣ ಗಲ್ಫಿನಲ್ಲಿ ಹತ್ತಾರು ವರ್ಷ ಒಂದು ಕಟ್ಟಡ ಸಾಮಗ್ರಿ ಕಂಪನಿಯ ಚಾಲಕರಾಗಿದ್ದರು. 2023ರ ಕೊನೆಗೆ ಊರಿಗೆ ಬಂದು ನಿಂತಾಗ ವಯಸ್ಸು ನಲವತ್ತೈದು ದಾಟಿತ್ತು. ಮತ್ತೆ ಹೋಗುವ ಮನಸ್ಸಿರಲಿಲ್ಲ, ಇನ್ನೊಬ್ಬರ ಕೈಕೆಳಗೆ ದುಡಿಯುವ ಮನಸ್ಸೂ ಇರಲಿಲ್ಲ. ಅಲ್ಲಿ ಅವರು ದಿನಾ ಕಂಡದ್ದು ಪಿಕಪ್ಪಿನ ಹಿಂದೆ ಕೊಕ್ಕೆ ಹಾಕಿ ಎಳೆಯುವ ಟ್ರೈಲರುಗಳನ್ನು. ಜನರೇಟರ್, ಕಾಂಕ್ರೀಟ್ ಮಿಕ್ಸರ್, ಪೈಪಿನ ಕಟ್ಟು, ಸಣ್ಣ ದೋಣಿ, ಏನು ಬೇಕಾದರೂ ಹೋಗುತ್ತಿತ್ತು. ಊರಲ್ಲಿ ಅಂಥದ್ದೊಂದು ಯಾರ ಹತ್ತಿರವೂ ಇಲ್ಲವೆಂಬುದು ಅವರ ಕಣ್ಣಿಗೆ ಬಿತ್ತು. ಇಲ್ಲದಿರುವುದಕ್ಕೆ ಕಾರಣ ಇರಬಹುದೆಂದು ಆಗ ಹೊಳೆಯಲಿಲ್ಲ.

ಉಳಿತಾಯದಿಂದ ಮೂರು ಲಕ್ಷ, ಊರಿನ ಸೊಸೈಟಿಯಿಂದ ಇಬ್ಬರ ಜಾಮೀನಿನ ಮೇಲೆ ಮೂರು ಲಕ್ಷ ಸಾಲ. ತಿಂಗಳ ಕಂತು ಹತ್ತು ಸಾವಿರದ ಹತ್ತಿರ. ಆರು ಲಕ್ಷದೊಳಗೆ 2019ರ ಮಾಡೆಲಿನ, 1,300 ಕಿಲೋ ಹೊರುವ ಒಂದು ಪಿಕಪ್ ಸಿಕ್ಕಿತು. ಆರ್‌ಸಿ ವರ್ಗಾವಣೆಗೆ ಫಾರ್ಮ್ 29, 30, ಹಳೆಯ ಮಾಲಕರ ಸಾಲ ತೀರಿದ ಪತ್ರ, ಗಾಡಿ ಓಡಲು ಯೋಗ್ಯ ಎನ್ನುವ ಎಫ್‌ಸಿ ಎಲ್ಲವೂ ಸರಿಯಿತ್ತು. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಡಿ ಪರ್ಮಿಟ್ ಬೇಡ. ಈ ಗಾಡಿ ಅದರೊಳಗೇ ಬರುತ್ತಿತ್ತು. ಸಾರಿಗೆ ಚಾಲಕನ ಬ್ಯಾಡ್ಜ್ ಇಲ್ಲದೆ ಹಳದಿ ಬೋರ್ಡಿನ ಬಾಡಿಗೆ ಗಾಡಿ ಓಡಿಸಬಾರದೆಂದು ದಲ್ಲಾಳಿಯೊಬ್ಬ ಹೆದರಿಸಿದ್ದ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲೇ ಹೇಳಿತ್ತು. 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಇಂಥ ಹೆದರಿಕೆಗಳಿಗೆ ಕಾಸು ಕೊಟ್ಟವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ.

ಸರಕು ಗಾಡಿಯ ವಿಮೆ ಕಾರಿನ ವಿಮೆಯಲ್ಲ ಎಂಬುದು ಅವರಿಗೆ ಮೊದಲ ಪೆಟ್ಟು. 7,500 ಕಿಲೋ ಒಳಗಿನ ಬಾಡಿಗೆ ಸರಕು ವಾಹನಕ್ಕೆ 2022ರಲ್ಲಿ ಗೊತ್ತುಮಾಡಿದ ಥರ್ಡ್ ಪಾರ್ಟಿ ಕಂತೇ 16,049 ರೂಪಾಯಿ. ತೆರಿಗೆ, ಗಾಡಿಯ ಸ್ವಂತ ಹಾನಿಯ ಭಾಗ ಎಲ್ಲ ಅದರ ಮೇಲೆ.

ಟ್ರೈಲರ್

ಗಾಡಿ ಕೈಗೆ ಬಂದ ತಿಂಗಳಲ್ಲೇ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಟ್ರೈಲರಿಗೆ ಹೇಳಿದರು. ಒಂದೇ ಅಚ್ಚು, ಎರಡು ಚಕ್ರ, ಚೆಕ್ಕರ್ ಪ್ಲೇಟಿನ ನೆಲ, ಮಡಚುವ ರ‍್ಯಾಂಪ್. ಪಿಕಪ್ಪಿನ ಚಾಸಿಗೆ ಕೊಕ್ಕೆಯ ತೊಲೆ ಬೆಸೆದದ್ದೂ ಸೇರಿ ಒಂದು ಲಕ್ಷ ನಲವತ್ತು ಸಾವಿರ. ಅವರ ಲೆಕ್ಕ ಸರಳ: ಅದೇ ಚಾಲಕ, ಅದೇ ಎಂಜಿನ್, ಎರಡು ಪಟ್ಟು ಸಾಮಾನು.

ಗಲ್ಫಿನ ರಸ್ತೆ ಚಪ್ಪಟೆ. ಇಲ್ಲಿ ಮನೆ ಇರುವುದೇ ಗುಡ್ಡದ ಮೇಲೆ, ಇಲ್ಲವೇ ಗದ್ದೆಯ ಪಕ್ಕದ ತಗ್ಗಿನಲ್ಲಿ. ಮುಖ್ಯ ರಸ್ತೆಯಿಂದ ಇಳಿದರೆ ಎರಡೂ ಬದಿ ಪಾಗಾರದ ಗೋಡೆ, ಒಂದು ಗಾಡಿ ಹೋಗುವಷ್ಟು ಅಗಲ, ಕೊನೆಗೆ ತಿರುಗಿಸಲು ಅಂಗಳ ಇದ್ದರೆ ಪುಣ್ಯ. ಟ್ರೈಲರ್ ಕಟ್ಟಿ ಹಿಮ್ಮುಖ ಹೋಗುವಾಗ ಸ್ಟಿಯರಿಂಗ್ ಎತ್ತ ತಿರುಗಿಸುತ್ತೀರೋ ಟ್ರೈಲರಿನ ಹಿಂಬದಿ ಅದರ ವಿರುದ್ಧ ದಿಕ್ಕಿಗೆ ಹೋಗುತ್ತದೆ. ವಾಸಣ್ಣನಿಗೆ ಅದು ಅಭ್ಯಾಸವಿದ್ದ ವಿದ್ಯೆ. ಆದರೂ ಪಾಗಾರದ ನಡುವೆ ಅದನ್ನು ಮಾಡುವುದು ಬೇರೆ ಮಾತು. ಎರಡು ಕಡೆ ಟ್ರೈಲರನ್ನು ರಸ್ತೆಯಲ್ಲೇ ಬಿಚ್ಚಿಟ್ಟು, ಸಾಮಾನನ್ನು ತಲೆಹೊರೆಯಲ್ಲಿ ಮನೆಗೆ ಮುಟ್ಟಿಸಬೇಕಾಯಿತು.

ನಿಜವಾದ ಎಚ್ಚರಿಕೆ ಬಂದದ್ದು ಒಂದು ಇಳಿಜಾರಿನಲ್ಲಿ. ಕಾರ್ಕಳದ ಕಡೆಯಿಂದ ಗ್ರಾನೈಟ್ ತುಂಡುಗಳನ್ನು ಹೇರಿಕೊಂಡು ಬರುತ್ತಿದ್ದಾಗ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಟ್ರೈಲರ್ ಹಿಂದಿನಿಂದ ದೂಡಿತು. ಪಿಕಪ್ಪಿನ ಹಿಂಬದಿ ಒಂದು ಬದಿಗೆ ಸರಿಯಿತು. ಟ್ರೈಲರಿಗೆ ಸ್ವಂತ ಬ್ರೇಕ್ ಇರಲಿಲ್ಲ. ಎಳೆಯುವ ಗಾಡಿಯ ವೇಗ ಇಳಿದಾಗ ತಾನೇ ಹಿಡಿಯುವ ಬ್ರೇಕಿನ ಏರ್ಪಾಡನ್ನು ಶೆಡ್ಡಿನವರು ಕಂಡೇ ಇರಲಿಲ್ಲ. ಹೇರಿದ ರೀತಿಯಲ್ಲೂ ದೋಷವಿತ್ತು. ಟ್ರೈಲರಿನ ಭಾರದಲ್ಲಿ ನೂರಕ್ಕೆ ಅರವತ್ತರಷ್ಟು ಅಚ್ಚಿನ ಮುಂದೆ ಕೂತಿರಬೇಕು, ಹತ್ತರಿಂದ ಹದಿನೈದರಷ್ಟು ಕೊಕ್ಕೆಯ ಮೇಲೆ ಬರಬೇಕು. ಹಿಂದೆ ಭಾರ ಹೆಚ್ಚಾದರೆ ವೇಗ ಏರಿದ ಹಾಗೆ ಟ್ರೈಲರ್ ಬಾಲ ಆಡಿಸತೊಡಗುತ್ತದೆ. ಲೋಡಿಂಗಿನವರು ರ‍್ಯಾಂಪಿನ ಬಾಯಿಯಲ್ಲೇ ಕಲ್ಲು ಪೇರಿಸಿದ್ದರು, ಇಳಿಸಲು ಸುಲಭ ಎಂದು. ಆ ದಿನ ಯಾರಿಗೂ ಏನೂ ಆಗಲಿಲ್ಲ.

ಕಾಗದದ ಪ್ರಶ್ನೆ ಎದ್ದದ್ದು ಆಮೇಲೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೈಲರೂ ಒಂದು ಮೋಟಾರು ವಾಹನವೇ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು, ವಿಮೆ ಬೇಕು. ಎಳೆಯುವ ಗಾಡಿಯ ನಂಬರು ಅದರ ಮೇಲೂ ಕಾಣಬೇಕು. ಚಾಸಿಗೆ ತೊಲೆ ಬೆಸೆದು ಗಾಡಿಯ ಮೂಲ ವಿವರ ಬದಲಾದರೆ 52ನೇ ಕಲಂ ಅಡ್ಡ ಬರುತ್ತದೆ. ಊರಿನ ಶೆಡ್ಡಿನಲ್ಲಿ ಹುಟ್ಟಿದ ಟ್ರೈಲರಿಗೆ ಇದೊಂದೂ ಇರಲಿಲ್ಲ. ಕಾಗದಪತ್ರ ಮಾಡಿಸಿಕೊಡುವವನೊಬ್ಬ, "ಊರೊಳಗೆ ಓಡಿಸಿ, ಯಾರು ಕೇಳ್ತಾರೆ?" ಎಂದ. ವಿಮೆ ಏಜೆಂಟರು ಮಾತ್ರ ಬೇರೆಯದೇ ಪ್ರಶ್ನೆ ಕೇಳಿದರು: "ಟ್ರಾಲಿ ಬಿಚ್ಚಿ ಹೋಗಿ ಒಂದು ಸ್ಕೂಟರಿಗೆ ಬಡಿದ್ರೆ ಕ್ಲೇಮಿಗೆ ನೀವು ಯಾವ ನಂಬರ್ ಬರೀತೀರಿ?"

ಆ ರಾತ್ರಿ ಮನೆಯಲ್ಲಿ ನಡೆದ ಮಾತನ್ನು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ. ಹೆಂಡತಿ, ಸುಮಕ್ಕ ಎನ್ನೋಣ, ಸ್ವಸಹಾಯ ಸಂಘದ ಪುಸ್ತಕ ಬರೆದು ಪಳಗಿದವರು.

"ಇದನ್ನು ಮಾರುವ."

"ಒಂದೂ ನಲವತ್ತು ಹಾಕಿ ಆಗಿದೆ ಮಾರಾಯ್ತಿ. ಯಾರು ಕೊಡ್ತಾರೆ ಅಷ್ಟು?"

"ಅಷ್ಟು ಬರುದಿಲ್ಲ. ಬಂದಷ್ಟು ಸೊಸೈಟಿಗೆ ಕಟ್ಟುವ. ಮನೆ ಅಡವಿಟ್ಟು ಓಡಿಸುವಂಥ ಗಾಡಿ ನಮಗೆ ಬೇಡ."

ಘಟ್ಟದ ಬುಡದ ತೋಟದವರೊಬ್ಬರು ತಮ್ಮ ಜಾಗದ ಒಳಗೆ ತೆಂಗಿನಕಾಯಿ, ಗೊಬ್ಬರ ಸಾಗಿಸಲೆಂದು ಅದನ್ನು ಅರ್ಧಕ್ಕಿಂತ ತುಸು ಹೆಚ್ಚು ಬೆಲೆಗೆ ಕೊಂಡರು. ಬೆಸೆದ ತೊಲೆಯನ್ನು ಕೊಯ್ದು ತೆಗೆಸಲು ಮತ್ತೆ ಕಾಸು. ನನ್ನ ಮಟ್ಟಿಗೆ ಇಡೀ ಪ್ರಕರಣದ ಅತ್ಯುತ್ತಮ ತೀರ್ಮಾನ ಇದೇ, ಯಾಕೆಂದರೆ ಇದನ್ನು ಅಪಘಾತಕ್ಕೆ ಮೊದಲೇ ತೆಗೆದುಕೊಂಡರು. ಹಾಕಿದ ಹಣದ ಮೋಹಕ್ಕೆ ಇನ್ನೊಂದು ವರ್ಷ ಎಳೆದವರ ಲೆಕ್ಕವನ್ನೂ ನಾನು ನೋಡಿದ್ದೇನೆ.

ಕೆಂಪು ಕಲ್ಲು, ಮೀನು

ಟ್ರೈಲರ್ ಹೋಯಿತು, ಕಂತು ಹೋಗಲಿಲ್ಲ. ಕೈಗೆ ಸುಲಭವಾಗಿ ಸಿಗುವ ಕೆಲಸ ಕೆಂಪು ಕಲ್ಲಿನದು. ಕೋರೆಯಿಂದ ಮನೆ ಕಟ್ಟುವಲ್ಲಿಗೆ, ಕಲ್ಲಿಗೆ ಇಷ್ಟು ಎಂದು ಬಾಡಿಗೆ. ಒಂದು ಕಲ್ಲು ಸುಮಾರು 30 ಕಿಲೋ ಹಿಡಿದರೆ 1,300 ಕಿಲೋಗೆ ನಲವತ್ತಮೂರು ಕಲ್ಲು. ಅಷ್ಟೇ ಹೇರಿಕೊಂಡು ಹೋದರೆ ಮೇಸ್ತ್ರಿ ನಗುತ್ತಾನೆ. ಸುತ್ತಲಿನವರು ಅದೇ ಅಳತೆಯ ಗಾಡಿಯಲ್ಲಿ ಎರಡು ಪಟ್ಟು ಹೇರುತ್ತಾರೆ, ದರ ನಿಂತಿರುವುದೂ ಆ ಲೆಕ್ಕದ ಮೇಲೆಯೇ. ಕಾಯ್ದೆಯಂತೆ ಹೇರಿದವನಿಗೆ ಡೀಸೆಲ್ ಕಳೆದು ಉಳಿಯುವುದು ಬೆನ್ನುನೋವು. 2019ರ ತಿದ್ದುಪಡಿಯ ಬಳಿಕ ಮಿತಿಮೀರಿ ಹೇರಿದರೆ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000; ಹೆಚ್ಚಿನ ಭಾರವನ್ನು ಅಲ್ಲೇ ಇಳಿಸುವ ಖರ್ಚೂ ಗಾಡಿಯವನದೇ. ಹೊಯ್ಗೆ (ಮರಳು), ಕಲ್ಲು ಎಂದರೆ ಗಣಿ ಇಲಾಖೆಯ ಸಾಗಣೆ ಪರವಾನಗಿ, ಎಂಡಿಪಿ, ಕೂಡ ಜೊತೆಗಿರಬೇಕು. ಅದನ್ನು ಮಾಡಿಸುವುದು ಮಾಲು ಕೊಡುವವನ ಕೆಲಸವಾದರೂ ಹಿಡಿದಾಗ ನಿಲ್ಲುವುದು ಗಾಡಿ.

ಕೆಲವು ವಾರ ಓಡಿಸಿದರು. ಹಿಂದಿನ ಸ್ಪ್ರಿಂಗಿನ ಪ್ಲೇಟು ಕಟ್ಟಾಗಿ ಮೆಕ್ಯಾನಿಕ್ಕನ ಬಿಲ್ಲು ಬಂದಾಗ ನಿಲ್ಲಿಸಿದರು. ಯಾವ ಕೆಲಸದ ದರವೇ ಕಾಯ್ದೆ ಮುರಿಯುವುದನ್ನು ನಂಬಿ ನಿಂತಿದೆಯೋ ಅದರಲ್ಲಿ ನಿಯತ್ತಿನವನಿಗೆ ಜಾಗವಿಲ್ಲ ಎಂದು ಆಗ ನನಗೂ ಅನಿಸಿತು. ಲಾರಿ ಇದ್ದವರು ಮಾಡಲಿ.

ಮಲ್ಪೆಯ ಬಂದರು ಇನ್ನೊಂದು ಆಸೆ. ಬೆಳಗ್ಗಿನ ಜಾವ ಮೀನಿನ ಬಾಕ್ಸು, ನಗದು ಬಾಡಿಗೆ. ಆದರೆ ಐಸ್ ಕರಗಿದ ಉಪ್ಪುನೀರು ಗಾಡಿಯ ನೆಲವನ್ನು ತಿನ್ನುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಬಂದರು ಮಲಗುತ್ತದೆ. ಇವೆರಡನ್ನೂ ಸಹಿಸಬಹುದಿತ್ತೇನೋ. ಕೆಲಸ ಬಿಡಿಸಿದ್ದು ವಾಸನೆ. ಮೀನು ಹೇರಿದ ಗಾಡಿಗೆ ಹಾಸಿಗೆ, ಸೋಫಾ, ಮದುವೆಯ ಪಾತ್ರೆ ಯಾರೂ ಕೊಡುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕು. ಅವರು ಮೀನು ಬಿಟ್ಟರು. ಮಲ್ಪೆಯಲ್ಲೇ ನಿಂತು ಮೀನಿನ ಗಾಡಿಯಲ್ಲೇ ಚೆನ್ನಾಗಿ ಬದುಕಿದವರಿದ್ದಾರೆ. ಅವರು ಬೇರೇನೂ ಹೇರುವುದಿಲ್ಲ.

ನೋಟ್‌ಬುಕ್ಕಿನ ಮೂರು ಕಾಲಂ

ಮೊದಲ ಮಳೆಗಾಲ ಬರುವಷ್ಟರಲ್ಲಿ ಇಬ್ಬರಿಗೂ ಸುಸ್ತು. ದಿನವಿಡೀ ಗಾಡಿ ಓಡುತ್ತದೆ, ಕೈಯಲ್ಲಿ ಏನೂ ನಿಲ್ಲುವುದಿಲ್ಲ. ಆಗ ಸುಮಕ್ಕ ಒಂದು ನೋಟ್‌ಬುಕ್ ಹಿಡಿದರು. ಎಷ್ಟು ಬಂತು, ಎಷ್ಟು ಹೋಯಿತು ಎನ್ನುವುದನ್ನು ಎಲ್ಲರೂ ಬರೆಯುತ್ತಾರೆ. ಇವರು ಅದರ ಜೊತೆಗೆ ಮೂರು ಕಾಲಂ ಹಾಕಿದರು: ಲೋಡಿನಲ್ಲಿ ಓಡಿದ ಕಿಲೋಮೀಟರ್, ಖಾಲಿ ಓಡಿದ ಕಿಲೋಮೀಟರ್, ನಿಂತು ಕಾದ ಹೊತ್ತು.

ಆ ಪುಸ್ತಕವನ್ನು ನಾನು ತಿರುವಿ ನೋಡಿದೆ. ಖಾಲಿ ಓಟ ಲೋಡಿನ ಓಟಕ್ಕೆ ಸರಿಸಮ. ಅದಕ್ಕಿಂತ ದೊಡ್ಡದು ಕಾದ ಹೊತ್ತು. ಮಂಗಳೂರಿನ ಬಂದರ್ ಪೇಟೆಯ ಗೋಡೌನಿನ ಎದುರು ಬೆಳಗ್ಗೆ ಹತ್ತಕ್ಕೆ ನಿಂತರೆ ಹೇರಿ ಹೊರಡುವಾಗ ಮಧ್ಯಾಹ್ನ ಎರಡು ಗಂಟೆ. ಉಡುಪಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ಲೋಡಿನಲ್ಲಿ ಲೀಟರಿಗೆ ಹತ್ತರಂತೆ ಹಿಡಿದು, ಡೀಸೆಲ್ 90ರ ಹತ್ತಿರ ಎಂದರೆ, ಹೋಗಿ ಬರಲು ಸಾವಿರದ ಮೇಲೆ ಡೀಸೆಲ್ಲೇ. ಹೆಜಮಾಡಿಯ ಟೋಲ್ ಬೇರೆ. ಮೂರು ಸಾವಿರದ ಬಾಡಿಗೆ ಎಂದರೆ ಒಳ್ಳೆಯದೆಂದೇ ಅವರು ಭಾವಿಸಿದ್ದರು. ಸಹಾಯಕನ ಕೂಲಿ, ಟೈರಿನ ಸವಕಳಿ, ಅರ್ಧ ದಿನದ ಕಾಯುವಿಕೆ ಸೇರಿಸಿದರೆ ಊರಿನಲ್ಲೇ ಆರು ಕಿಲೋಮೀಟರಿನ ಎರಡು ಬಾಡಿಗೆ ಅದಕ್ಕಿಂತ ಲಾಭ. 2024ರ ಜೂನಿನಲ್ಲಿ ರಾಜ್ಯ ಸರಕಾರ ಮಾರಾಟ ತೆರಿಗೆ ಏರಿಸಿ ಡೀಸೆಲ್ ಸುಮಾರು ಮೂರು ರೂಪಾಯಿ ಜಾಸ್ತಿಯಾದಾಗ, 2025ರ ಏಪ್ರಿಲಿನಲ್ಲಿ ಮತ್ತೆ ಎರಡು ರೂಪಾಯಿ ಏರಿದಾಗ, ದೂರದ ಬಾಡಿಗೆಯೇ ಹೆಚ್ಚು ಸೊರಗಿತು.

ಇದು ತಿಳಿದ ಮೇಲೆ ಟ್ರೈಲರಿನ ವಿಷಯವೂ ಬೇರೆಯಾಗಿ ಕಾಣುತ್ತದೆ. ಟ್ರೈಲರ್ ಹೆಚ್ಚಿಸುತ್ತಿದ್ದುದು ಒಂದು ಓಟದಲ್ಲಿ ಹೋಗುವ ಭಾರವನ್ನು. ಅವರ ಗಿರಾಕಿಗಳಲ್ಲಿ ಯಾರಿಗೂ ಅಷ್ಟು ಭಾರ ಇರಲಿಲ್ಲ. ಇದ್ದವರು ಲಾರಿ ಕರೆಯುತ್ತಿದ್ದರು. ಸೋರುತ್ತಿದ್ದುದು ಕಾಯುವ ಹೊತ್ತಿನಲ್ಲಿ, ಖಾಲಿ ಮರಳುವ ದಾರಿಯಲ್ಲಿ. ಕಾಗದಪತ್ರ ಎಲ್ಲ ಸರಿಯಿದ್ದಿದ್ದರೂ ಅದು ಅವರನ್ನು ಉಳಿಸುತ್ತಿರಲಿಲ್ಲ.

ದರ ಹೇಳುವ ರೀತಿ ಬದಲಾಯಿತು. ಬಾಡಿಗೆಯಲ್ಲಿ ಲೋಡಿಂಗಿಗೆ ಒಂದು ಗಂಟೆ ಸೇರಿದೆ, ಮೇಲಿನದಕ್ಕೆ ವೈಟಿಂಗ್ ಚಾರ್ಜ್ ಎಂದು ಫೋನಿನಲ್ಲೇ ಹೇಳತೊಡಗಿದರು. ಮೊದಲ ತಿಂಗಳು ಕೆಲವರು ಸಿಟ್ಟಾದರು, ಕೆಲವರು ಫೋನಿಟ್ಟರು. ವಿಚಿತ್ರವೆಂದರೆ ಉಳಿದವರು ಗಾಡಿ ಬರುವ ಮೊದಲೇ ಸಾಮಾನು ಕಟ್ಟಿ ಅಂಗಳದಲ್ಲಿ ಇಡಲು ಶುರುಮಾಡಿದರು. ವೈಟಿಂಗ್ ಚಾರ್ಜಿನಿಂದ ಬಂದ ಹಣ ತೀರ ಸ್ವಲ್ಪ. ಉಳಿದ ಹೊತ್ತಿನಿಂದ ಬಂದದ್ದು ಹೆಚ್ಚು.

ಸ್ಟ್ಯಾಂಡಿನವರು

ಇಷ್ಟರಲ್ಲಿ ಇನ್ನೊಂದು ಗಂಟು. ಊರಿನ ಟೆಂಪೋ ಸ್ಟ್ಯಾಂಡಿನಲ್ಲಿ ಸರದಿ ಉಂಟು, ಸಂಘ ಉಂಟು, ಆಯುಧಪೂಜೆಗೆ ಚಂದಾ ಉಂಟು. ವಾಸಣ್ಣ ಫೋನಿನ ಮೇಲೆಯೇ ಕೆಲಸ ಹಿಡಿಯುತ್ತಿದ್ದರು. ಸ್ಟ್ಯಾಂಡಿನ ಎದುರೇ ಒಂದು ಮನೆಯ ಸಾಮಾನು ಹೇರುತ್ತಿದ್ದಾಗ ಹಿರಿಯ ಚಾಲಕರೊಬ್ಬರು ಬಂದು ನಿಂತರು.

"ವಾಸಣ್ಣ, ನೀವು ನಮ್ಮವರೇ. ಆದ್ರೆ ನಾವು ಇಲ್ಲಿ ಬೆಳಿಗ್ಗೆಯಿಂದ ಕೂತಿರುದು ಎಂತಕ್ಕೆ?"

ಜಗಳಕ್ಕೆ ದಾರಿ ಇತ್ತು. ಗಲ್ಫಿನಿಂದ ಬಂದವನಿಗೆ ಅಹಂಕಾರ ಎಂಬ ಮಾತು ಆಗಲೇ ಊರಲ್ಲಿ ಓಡಾಡುತ್ತಿತ್ತು. ಅವರು ಮರುದಿನ ಸಂಘದ ಸದಸ್ಯತ್ವ ಕಟ್ಟಿದರು, ಸರದಿ ಬೇಡವೆಂದರು, ತನಗೆ ಬರುವ ಕಲ್ಲು, ಹೊಯ್ಗೆ, ದೂರದ ಲೋಡಿನ ಫೋನುಗಳನ್ನು ಸ್ಟ್ಯಾಂಡಿಗೇ ದಾಟಿಸುವುದಾಗಿ ಹೇಳಿದರು. ಬದಲಿಗೆ ಮನೆ ಶಿಫ್ಟಿಂಗಿನ ಕೆಲಸ ಬಂದರೆ ತನಗೆ ಹೇಳಿ ಎಂದರು. ಸ್ಟ್ಯಾಂಡಿನವರಿಗೆ ಶಿಫ್ಟಿಂಗ್ ಎಂದರೆ ತಲೆನೋವು: ಎರಡನೇ ಮಾಳಿಗೆಯಿಂದ ಕಬ್ಬಿಣದ ಕಪಾಟು, ರುಬ್ಬುವ ಕಲ್ಲು, ಗಾಜಿನ ಶೋಕೇಸ್, ಮೇಲೆ ಮನೆಯೊಡತಿಯ ಬೈಗುಳ. ಅವರು ಸಂತೋಷದಿಂದ ಒಪ್ಪಿದರು. ನನ್ನ ಅಂದಾಜಿನಲ್ಲಿ ವ್ಯಾಪಾರ ಕಾಲೂರಿದ್ದು ಅಲ್ಲಿಂದ.

ಶಿಫ್ಟಿಂಗಿನಲ್ಲಿ ಮಾರುವುದು ಗಾಡಿಯನ್ನಲ್ಲ, ಹೇರುವ ಕೈಗಳನ್ನು. ಇಬ್ಬರು ಹುಡುಗರನ್ನು ಖಾಯಂ ಇಟ್ಟುಕೊಂಡರು, ಹಳೆಯ ಕಂಬಳಿ, ದಪ್ಪ ಹಗ್ಗ, ಒಳ್ಳೆಯ ಟರ್ಪಾಲ್ ಕೊಂಡರು. ಹೇರುವ ಮೊದಲು ಟಿವಿ, ಫ್ರಿಜ್, ಗಾಜಿನ ಸಾಮಾನಿನ ಫೋಟೋ. ವಾಹನದ ವಿಮೆ ಗಾಡಿಯಲ್ಲಿರುವ ಸಾಮಾನಿಗೆ ಅನ್ವಯಿಸುವುದಿಲ್ಲ ಎಂದು ಮೊದಲೇ ತಿಳಿಸುವುದು. ಹಿಂದೆ ಸಾಮಾನಿನ ಜೊತೆ ಕೂರುತ್ತೇವೆ ಎನ್ನುವ ಮನೆಮಂದಿಗೆ ಕಡ್ಡಾಯವಾಗಿ ಇಲ್ಲ ಎನ್ನುವುದು. ಸಾಮಾನಿನ ಮಾಲಕ ಒಬ್ಬರಿಗೆ ಕ್ಯಾಬಿನಿನಲ್ಲಿ ಜಾಗ. ಬಳಸಿದ ಮನೆಸಾಮಾನಿಗೆ ಜಿಎಸ್‌ಟಿಯ ಸಾಗಣೆ ಚೀಟಿಯಾದ ಇ-ವೇ ಬಿಲ್ ಬೇಡ. ಅಂಗಡಿಯ ಮಾಲು 50,000 ರೂಪಾಯಿ ಮೀರಿದರೆ ಬೇಕು, ಅದನ್ನು ಕೇಳದೆ ಹೇರುವುದಿಲ್ಲ.

ವರ್ಷದ ಲೆಕ್ಕ

ಕರಾವಳಿಯಲ್ಲಿ ಬಾಡಿಗೆ ಗಾಡಿಯವನ ವರ್ಷ ಪಂಚಾಂಗದ ಪ್ರಕಾರವೇ ನಡೆಯುತ್ತದೆ. ದೀಪಾವಳಿ ಕಳೆದ ಮೇಲೆ ಮದುವೆ, ಗೃಹಪ್ರವೇಶ, ದೈವದ ನೇಮ, ಬ್ರಹ್ಮಕಲಶ, ಯಕ್ಷಗಾನ. ಶಾಮಿಯಾನದ ಕಂಬ, ಕುರ್ಚಿ, ಅಡುಗೆಯ ಪಾತ್ರೆ ಒಂದೂರಿನಿಂದ ಇನ್ನೊಂದೂರಿಗೆ ತಿರುಗುತ್ತಲೇ ಇರುತ್ತದೆ. ಒಬ್ಬ ಶಾಮಿಯಾನದವರೊಡನೆ ಮಾಡಿಕೊಂಡ ಮಾತು ಇವರ ಖಾಲಿ ಓಟವನ್ನು ಎಲ್ಲಕ್ಕಿಂತ ಹೆಚ್ಚು ಇಳಿಸಿತು: ಒಂದು ಕಡೆ ಇಳಿಸಿ, ಹತ್ತಿರದಲ್ಲೇ ಮುಗಿದ ಕಾರ್ಯಕ್ರಮದ ಸಾಮಾನು ಹೇರಿಕೊಂಡು ಬರುವುದು. ಮೇ ಕೊನೆಯ ಪತ್ತನಾಜೆಯ ದಿನಕ್ಕೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮಗಳು ನಿಲ್ಲುತ್ತವೆ. ಜುಲೈ ನಡುವಿನಿಂದ ಆಟಿ ತಿಂಗಳು, ಶುಭಕಾರ್ಯವೇ ಇಲ್ಲ.

ಎರಡನೇ ಮಳೆಗಾಲಕ್ಕೆ ಅವರು ಮೊದಲೇ ಸಿದ್ಧರಾದರು. ಮಳೆ ಹಿಡಿದೊಡನೆ ನರ್ಸರಿಗಳಿಂದ ಅಡಿಕೆ, ತೆಂಗಿನ ಗಿಡ, ತೋಟಗಳಿಗೆ ಗೊಬ್ಬರ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವವರಿಗೆ ಸುಣ್ಣ, ಮೈಲುತುತ್ತದ ಚೀಲ. ಮಣಿಪಾಲದಲ್ಲಿ ವಿದ್ಯಾರ್ಥಿಗಳು ಕೋಣೆ ಖಾಲಿಮಾಡುವುದು, ಹೊಸಬರು ಬರುವುದು ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ. ಮಂಚ, ಮೇಜು, ವಾಷಿಂಗ್ ಮೆಶಿನ್ ಒಂದು ಕಿಲೋಮೀಟರ್ ಸರಿದರೂ ಬಾಡಿಗೆ ಬಾಡಿಗೆಯೇ. ಮೊದಲ ಮಳೆಗಾಲದಲ್ಲಿ ಕಂತು ಕಟ್ಟಲು ಸುಮಕ್ಕನ ಬಳೆ ಸೊಸೈಟಿಯಲ್ಲಿ ಕೂತಿತ್ತು, ಎರಡನೆಯದರಲ್ಲಿ ಆ ಪ್ರಸಂಗ ಬರಲಿಲ್ಲ. ಲಾಭ ದೊಡ್ಡದೇನೂ ಅಲ್ಲ. ಕಂತು, ಹುಡುಗರ ಸಂಬಳ, ವಿಮೆ, ರಿಪೇರಿಗೆ ಬದಿಗಿಟ್ಟ ಹಣ ಎಲ್ಲ ಕಳೆದು, ಗಲ್ಫಿನ ಸಂಬಳದ ಮುಕ್ಕಾಲಿನಷ್ಟು ಮನೆಗೆ ಬರುತ್ತಿದೆ.

ತೆರಿಗೆಯ ಬಗ್ಗೆ ಒಂದು ಮಾತು, ಇದು ನನ್ನ ಕಸುಬಾದ್ದರಿಂದ. ಗೂಡ್ಸ್ ಟ್ರಾನ್ಸ್‌ಪೋರ್ಟ್ ಏಜೆನ್ಸಿಯಂತೆ ಕನ್ಸೈನ್‌ಮೆಂಟ್ ನೋಟ್ (ಸಾಮಾನು ವಹಿಸಿಕೊಂಡ ಚೀಟಿ) ಕೊಡದೆ ಬರೇ ಸಾಮಾನು ಸಾಗಿಸುವವರ ಸೇವೆಗೆ ಜಿಎಸ್‌ಟಿ ಇಲ್ಲ. ಆದಾಯ ತೆರಿಗೆಗೆ ಅಂದಾಜು ಆದಾಯದ ನಿಯಮದಂತೆ ಇಂಥ ಸಣ್ಣ ಗಾಡಿಗೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ತೋರಿಸಿದರೆ ಸಾಕು, ಪುಸ್ತಕ ಇಡಬೇಕಾಗಿಲ್ಲ. ಅದಕ್ಕೇ ಬಹಳ ಚಾಲಕರು ಏನನ್ನೂ ಬರೆಯುವುದಿಲ್ಲ. ಸುಮಕ್ಕನ ನೋಟ್‌ಬುಕ್ಕನ್ನು ಯಾವ ಇಲಾಖೆಯೂ ಕೇಳಿದ್ದಲ್ಲ.

ಈಗ ಅವರ ಮುಂದಿರುವ ಪ್ರಶ್ನೆ ಗಾಡಿಯ ವಯಸ್ಸು. ಎಂಟು ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಇವರದು 2027ಕ್ಕೆ ಆ ಗೆರೆ ದಾಟುತ್ತದೆ. ದಾಟುವ ಮೊದಲೇ ಮಾರಿದರೆ ಬೆಲೆ ಚೆನ್ನಾಗಿ ಸಿಗುತ್ತದೆ ಎಂದು ವಾಸಣ್ಣ, ಸಾಲವಿಲ್ಲದ ಗಾಡಿಯಲ್ಲಿ ಒಂದೆರಡು ವರ್ಷವಾದರೂ ದುಡಿಯುವ ಎಂದು ಸುಮಕ್ಕ. ಹೊಸ ಗಾಡಿಯ ಕೊಟೇಶನ್ ತರಿಸಿದ್ದಾರೆ. ಕಳೆದ ಸಲ ಬಂದಾಗ ಅದನ್ನು ನನ್ನ ಮೇಜಿನ ಮೇಲಿಟ್ಟು, ಮಳೆಗಾಲದ ತಿಂಗಳುಗಳ ಸರಾಸರಿಯ ಮೇಲೆ ಕಂತು ಕೂರುತ್ತದೋ ಇಲ್ಲವೋ ನೋಡಿ ಎಂದರು ಸುಮಕ್ಕ; ಮದುವೆ ಸೀಸನ್ನಿನ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯುವುದು ಬೇಡವಂತೆ.